ಜೂಲಿಯಾ ಎಂಬ ಹೆಸರು

ಹೊಸ ವರ್ಷದ ತರಗತಿಗಳು ಪ್ರಾರಂಭವಾದಾಗಲೆಲ್ಲ ನಮಗೊಂದು ಸಣ್ಣ ತೊಡಕು ಒದಗುವುದುಂಟು. ಹಾಜರಿಯ ಪುಸ್ತಕವನ್ನು ತೆರೆದು ಹೆಸರು ಕರೆಯುತ್ತ ಹೋದರೆ ಒಂದೇ ತರಗತಿಯಲ್ಲಿ ಮೂವರು ಸರಸ್ವತಿಯರು ದೊರೆಯುತ್ತಾರೆ. ಮೂವರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ; ತರಗತಿಯೆಲ್ಲ ನಗುತ್ತದೆ. ಆಗ ತಂದೆಯ ಹೆಸರಿನ ಮೊದಲಕ್ಷರವನ್ನೋ ಊರಿನ ಮೊದಲಕ್ಷರವನ್ನೋ ಹಿಡಿದು ಅವರನ್ನು ಬೇರ್ಪಡಿಸಿಕೊಳ್ಳುತ್ತೇವೆ. ಇದು ಕೇವಲ ಆಕಸ್ಮಿಕ. ಮೂರು ಮನೆಗಳಲ್ಲಿ ಮೂವರು ತಾಯಿತಂದೆಗಳು, ಒಬ್ಬರನ್ನೊಬ್ಬರು ಅರಿಯದೆ, ತಮ್ಮ ಮಗಳಿಗೆ ಒಂದೇ ಹೆಸರನ್ನು ಆರಿಸಿದರು, ಅಷ್ಟೆ. ಆದರೆ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಮೂವರಿಗೂ ಒಂದೇ ಹೆಸರಿರುವುದನ್ನೂ, ಅದು ಆಕಸ್ಮಿಕವಾಗಿರದೆ ಒಂದು ದೊಡ್ಡ ರಾಷ್ಟ್ರದ ನಿಯಮವೇ ಆಗಿದ್ದುದನ್ನೂ ಊಹಿಸಿಕೊಳ್ಳುವುದು ಕಷ್ಟ. ಪ್ರಾಚೀನ ರೋಮಿನಲ್ಲಿ ಹೀಗೆಯೇ ನಡೆಯುತ್ತಿತ್ತು. ಆ ನಿಯಮದಿಂದ ಹುಟ್ಟಿ ಎರಡು ಸಾವಿರ ವರ್ಷಗಳಿಂದ ಯೂರೋಪಿನ ಮನೆಮನೆಗಳಲ್ಲಿ ಬಾಳಿಕೊಂಡು ಬಂದಿರುವ ಒಂದು ಹೆಸರಿನ ವೃತ್ತಾಂತವನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಆ ಹೆಸರು ಜೂಲಿಯಾ.

ರೋಮಿನ ಗಣ್ಯ ಪುರುಷನಿಗೆ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತಿದ್ದುವು. ಗಾಯಸ್ ಜೂಲಿಯಸ್ ಸೀಸರ್ ಎಂಬುದನ್ನೇ ನೋಡೋಣ. ಗಾಯಸ್ ಎಂಬುದು ಅವನ ಸ್ವಂತದ ಹೆಸರು. ಜೂಲಿಯಸ್ ಎಂಬುದು ಕುಲದ ಹೆಸರು. ಸೀಸರ್ ಎಂಬುದು ಆ ಕುಲದಲ್ಲಿ ಅವನ ಶಾಖೆಯ ಹೆಸರು. ಹೆಣ್ಣಿಗಾದರೋ ಉಳಿದದ್ದು ನಡುವಿನ ಹೆಸರೊಂದೇ. ಬಹು ಹಿಂದಿನ ಕಾಲದಲ್ಲಿ ರೋಮಿನ ಹೆಂಗಸರಿಗೂ ಸ್ವಂತದ ಹೆಸರುಗಳಿದ್ದುವೆಂಬುದಕ್ಕೆ ಶಿಲಾಲೇಖಗಳ ಆಧಾರವುಂಟು. ಆದರೆ ಗಣರಾಜ್ಯದ ಕಡೆಗಾಲದ ಹೊತ್ತಿಗೆ ದೊಡ್ಡ ಮನೆತನಗಳಲ್ಲಿ ಆ ಪದ್ಧತಿ ಬಹುಮಟ್ಟಿಗೆ ಅಳಿದುಹೋಗಿದ್ದಿತು. ಜೂಲಿಯಸ್ ಕುಲದಲ್ಲಿ ಹುಟ್ಟಿದವಳು ಜೂಲಿಯಾ. ಕ್ಲಾಡಿಯಸ್ ಕುಲದಲ್ಲಿ ಹುಟ್ಟಿದವಳು ಕ್ಲಾಡಿಯಾ. ಟುಲಿಯಸ್ ಕುಲದ ಸಿಸಿರೋವಿನ ಮಗಳು ಟುಲಿಯಾ. ಎರಡನೆಯ ಮಗಳು ಹುಟ್ಟಿದರೆ ಅವಳಿಗೂ ಅದೇ ಹೆಸರು. ಹಿರಿಯಳು, ಕಿರಿಯಳು ಎಂಬ ವಿಶೇಷಣದಿಂದಲೋ, ಮೊದಲನೆಯವಳು, ಎರಡನೆಯವಳು, ಮೂರನೆಯವಳು ಎಂಬ ಎಣಿಕೆಯಿಂದಲೋ ಅವರನ್ನು ಗುರುತಿಸುತ್ತಿದ್ದರು. ಜೂಲಿಯಸ್ ಸೀಸರನಿಗೆ ಇಬ್ಬರು ಸೋದರಿಯರು, ಇಬ್ಬರೂ ಜೂಲಿಯಾ. ಅವನ ಸೋದರತ್ತೆ ಜೂಲಿಯಾ. ಅವನ ಮಗಳೂ ಜೂಲಿಯಾ.

ಶಿಶುವಿಗೆ ಹೆಸರಿಡುವ ಸಂಸ್ಕಾರವು ರೋಮನರಲ್ಲಿಯೂ ಇದ್ದಿತು. ಗಂಡು ಮಗುವಿಗೆ ಒಂಬತ್ತನೆಯ ದಿನ, ಹೆಣ್ಣು ಮಗುವಿಗೆ ಎಂಟನೆಯ ದಿನ ಶುದ್ಧಿಕರ್ಮವನ್ನು ನಡೆಸಿ ಹೆಸರನ್ನಿಡುತ್ತಿದ್ದರು. ಆದರೆ ಹೆಣ್ಣು ಮಗುವಿನ ವಿಷಯದಲ್ಲಿ ಆರಿಸುವುದಕ್ಕೆ ಏನೂ ಇರಲಿಲ್ಲ. ಆಕೆ ಹುಟ್ಟುವ ಮುನ್ನವೇ ಆಕೆಯ ಹೆಸರು ಗೊತ್ತಾಗಿದ್ದಿತು. ಎಂ. ಐ. ಫಿನ್ಲಿ ಎಂಬ ಇತಿಹಾಸಕಾರರು ರೋಮಿನ ಸ್ತ್ರೀಯರ ಮೌನವನ್ನು ಕುರಿತು ಬರೆದಾಗ ಈ ಹೆಸರಿಲ್ಲದಿರುವಿಕೆಯನ್ನೇ ವಿಶೇಷವಾಗಿ ಎತ್ತಿ ತೋರಿಸಿದರು. ಮನೆಯೊಳಗೆ ಮುದ್ದಿನ ಹೆಸರುಗಳಿದ್ದೇ ಇದ್ದುವು. ಸಿಸಿರೋ ತನ್ನ ಪತ್ರಗಳಲ್ಲಿ ಮಗಳನ್ನು ಟುಲಿಯೋಲಾ ಎಂದು ಕರೆದಿದ್ದಾನೆ. ಆದರೆ ಲೋಕದ ಮುಂದೆ ಆಕೆ ಯಾರೆಂಬ ಪ್ರಶ್ನೆಗೆ ಇಂಥ ಕುಲದ ಹೆಣ್ಣು ಎಂಬುದೇ ಪೂರ್ಣವಾದ ಉತ್ತರವಾಗಿದ್ದಿತು.

ಜೂಲಿಯಸ್ ಕುಲವು ತನ್ನ ಹೆಸರನ್ನು ಸಾಮಾನ್ಯವಾದುದೆಂದು ಭಾವಿಸಿರಲಿಲ್ಲ. ಟ್ರಾಯ್ ನಗರದಿಂದ ಓಡಿಬಂದ ಈನಿಯಸನ ಮಗ ಯೂಲಸನೇ ತಮ್ಮ ಮೂಲಪುರುಷನೆಂದೂ, ಈನಿಯಸನ ತಾಯಿ ವೀನಸ್ ದೇವತೆಯಾದುದರಿಂದ ತಾವು ದೇವವಂಶದವರೆಂದೂ ಅವರು ಹೇಳಿಕೊಳ್ಳುತ್ತಿದ್ದರು. ಕ್ರಿ. ಪೂ. 69ರಲ್ಲಿ ಸೋದರತ್ತೆ ಜೂಲಿಯಾ ತೀರಿಕೊಂಡಾಗ ಸೀಸರನು ಆಕೆಯ ಚರಮಭಾಷಣದಲ್ಲಿ ಈ ವಂಶಾವಳಿಯನ್ನೇ ಜನರ ಮುಂದೆ ಸಾರಿದನು. ಆ ಹೆಂಗಸಿನ ಸಾವು ಆಕೆಯ ಕುಲದ ಕೀರ್ತಿಗೆ ಒಂದು ಸಂದರ್ಭವಾಯಿತು. ಯೂಲಸ್ ಎಂಬ ಶಬ್ದವು ಆಕಾಶದೇವತೆಯಾದ ಜೋವ್ ಅಥವಾ ಜ್ಯೂಪಿಟರನ ಹೆಸರಿನಿಂದ ಬಂದಿರಬಹುದೆಂದು ಹಲವರು ಭಾಷಾಶಾಸ್ತ್ರಜ್ಞರ ಊಹೆ.

ಸೀಸರನ ಮಗಳನ್ನು ಕ್ರಿ. ಪೂ. 59ರಲ್ಲಿ ಪಾಂಪೆಗೆ ಕೊಟ್ಟು ಮದುವೆ ಮಾಡಿದರು. ಇಬ್ಬರು ಮಹತ್ವಾಕಾಂಕ್ಷಿಗಳ ಸ್ನೇಹವನ್ನು ಕಟ್ಟುವ ಹಗ್ಗ ಆಕೆಯೇ ಆದಳು. ರಾಜಕೀಯಕ್ಕಾಗಿ ನಡೆದ ಮದುವೆಯಲ್ಲಿ ನಿಜವಾದ ಪ್ರೇಮವೂ ಬೆಳೆಯಿತೆಂದು ಪ್ಲೂಟಾರ್ಕನು ತಿಳಿಸುತ್ತಾನೆ. ಕ್ರಿ. ಪೂ. 54ರಲ್ಲಿ ಆಕೆ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಕೆಲವೇ ದಿನಗಳಲ್ಲಿ ಸತ್ತಿತು. ಐದು ವರ್ಷಗಳೊಳಗೆ ಮಾವನೂ ಅಳಿಯನೂ ಪರಸ್ಪರ ಸೈನ್ಯವನ್ನೆತ್ತಿದರು.

ಈ ಹೆಸರಿನ ಚರಿತ್ರೆಯಲ್ಲಿ ಎಲ್ಲರಿಗಿಂತ ನಮ್ಮ ಮನಸ್ಸನ್ನು ಸೆಳೆಯುವವಳು ಚಕ್ರವರ್ತಿ ಅಗಸ್ಟಸನ ಏಕಮಾತ್ರ ಪುತ್ರಿ. ಆಕೆ ಕ್ರಿ. ಪೂ. 39ರಲ್ಲಿ ಹುಟ್ಟಿದಳು, ಹುಟ್ಟಿದ ದಿನವೇ ತಂದೆಯು ತಾಯಿ ಸ್ಕ್ರಿಬೋನಿಯಾಳನ್ನು ತ್ಯಜಿಸಿದನು. ಹದಿನಾಲ್ಕನೆಯ ವರ್ಷದಲ್ಲಿ ಆಕೆಯನ್ನು ಮಾರ್ಸೆಲಸನಿಗೆ ಕೊಟ್ಟರು. ಅವನು ಎರಡು ವರ್ಷಗಳಲ್ಲಿ ಸತ್ತನು. ಬಳಿಕ ತಂದೆಯ ಗೆಳೆಯನೂ ಬಹಳ ಹಿರಿಯನೂ ಆದ ಅಗ್ರಿಪ್ಪನಿಗೆ ಕೊಟ್ಟರು. ಅವನಿಂದ ಐವರು ಮಕ್ಕಳಾದರು. ಅವನೂ ಸತ್ತ ಮೇಲೆ ಟೈಬೀರಿಯಸನಿಗೆ ಕೊಟ್ಟರು. ಸಿಂಹಾಸನಕ್ಕೆ ಯಾರು ಹತ್ತಿರವಾಗಬೇಕೋ ಅವರ ಮನೆಗೆ ಆಕೆಯನ್ನು ಕಳುಹಿಸಲಾಯಿತು. ಕ್ರಿ. ಪೂ. 13ರಲ್ಲಿ ಅಚ್ಚಾದ ಒಂದು ಬೆಳ್ಳಿಯ ನಾಣ್ಯದಲ್ಲಿ ಆಕೆಯ ಮುಖವು ಇಬ್ಬರು ಗಂಡುಮಕ್ಕಳ ಮುಖಗಳ ನಡುವೆ ಕಾಣುತ್ತದೆ. ಉತ್ತರಾಧಿಕಾರಿಗಳ ತಾಯಿಯೆಂಬ ಪದವಿಯೇ ಆಕೆಯ ಪದವಿ.

ಆಕೆ ಬುದ್ಧಿವಂತೆ, ವಿದ್ಯಾಪ್ರಿಯೆ, ಮಾತಿನಲ್ಲಿ ಚತುರೆ. ನಾಲ್ಕು ಶತಮಾನಗಳ ತರುವಾಯ ಬರೆದ ಮ್ಯಾಕ್ರೋಬಿಯಸನು ಆಕೆಯ ವಿನೋದೋಕ್ತಿಗಳನ್ನು ಸಂಗ್ರಹಿಸಿಟ್ಟಿದ್ದಾನೆ. ಆಕೆಗೆ ಬೇಗನೆ ನರೆ ಬಂದಿತ್ತಂತೆ. ದಾಸಿಯರಿಂದ ಬಿಳಿಗೂದಲನ್ನು ಕೀಳಿಸುತ್ತಿದ್ದಳಂತೆ. ಇದನ್ನು ಕಂಡ ತಂದೆ ಒಂದು ದಿನ, ನಿನಗೆ ನರೆ ಇಷ್ಟವೋ ಬೋಳುತಲೆ ಇಷ್ಟವೋ ಎಂದು ಕೇಳಿದನು. ನರೆಯೇ ಇಷ್ಟವೆಂದಳು ಮಗಳು. ಹಾಗಾದರೆ ಈ ಹೆಂಗಸರು ನಿನ್ನನ್ನು ಏಕೆ ಇಷ್ಟು ಆತುರದಿಂದ ಬೋಳುಮಾಡುತ್ತಿದ್ದಾರೆ ಎಂದನು ತಂದೆ. ಈ ಕಥೆಯಲ್ಲಿ ಮಗಳೂ ತಂದೆಯೂ ಮನುಷ್ಯರಾಗಿ ತೋರುತ್ತಾರೆ. ಆದುದರಿಂದಲೇ ಮುಂದೆ ನಡೆದುದು ಇನ್ನಷ್ಟು ಕ್ರೂರವೆನಿಸುತ್ತದೆ.

ಕ್ರಿ. ಪೂ. 18ರಲ್ಲಿ ಅಗಸ್ಟಸನು ವಿವಾಹವನ್ನು ಕುರಿತೂ ವ್ಯಭಿಚಾರವನ್ನು ಕುರಿತೂ ಕಠಿಣವಾದ ಶಾಸನಗಳನ್ನು ಮಾಡಿದ್ದನು. ರೋಮಿನ ರೂಢಿಯಂತೆ ಶಾಸನವು ಅದನ್ನು ತಂದವನ ಕುಲದ ಹೆಸರನ್ನು ತಾಳುತ್ತಿತ್ತು. ಲ್ಯಾಟಿನಿನಲ್ಲಿ ಶಾಸನವೆಂಬರ್ಥದ 'ಲೆಕ್ಸ್' ಶಬ್ದವು ಸ್ತ್ರೀಲಿಂಗವಾದುದರಿಂದ, ಜೂಲಿಯಸ್ ಕುಲದವನು ತಂದ ಶಾಸನದ ಹೆಸರು 'ಲೆಕ್ಸ್ ಜೂಲಿಯಾ'. ಹೀಗೆ ತಂದೆಯ ಶಾಸನಕ್ಕೂ ತಂದೆಯ ಮಗಳಿಗೂ ಒಂದೇ ಹೆಸರಾಯಿತು. ಕ್ರಿ. ಪೂ. 2ರಲ್ಲಿ ಮಗಳ ಮೇಲೆ ಅದೇ ಅಪರಾಧದ ಆರೋಪ ಬಂದಿತು. ಅದರ ಹಿಂದೆ ರಾಜಕೀಯದ ಒಳಸಂಚು ಇದ್ದಿತೆಂದು ಅನೇಕ ಇತಿಹಾಸಕಾರರ ಮತ. ತಂದೆಯು ತಾನೇ ಸೆನೆಟಿಗೆ ಪತ್ರ ಬರೆದು ಆರೋಪವನ್ನು ತಿಳಿಸಿ, ಆಕೆಯನ್ನು ಪಾಂಡಟೇರಿಯಾ ದ್ವೀಪಕ್ಕೆ ಗಡೀಪಾರು ಮಾಡಿದನು. ಈಗ ವೆಂಟೊಟೇನೆ ಎನ್ನಿಸಿಕೊಳ್ಳುವ ಆ ದ್ವೀಪದ ಉದ್ದವು ಎರಡು ಮೈಲಿಗೂ ಕಡಮೆ. ಅಲ್ಲಿ ಆಕೆಗೆ ದ್ರಾಕ್ಷಾರಸ ನಿಷಿದ್ಧ. ಅಪ್ಪಣೆಯಿಲ್ಲದೆ ಯಾವ ಪುರುಷನೂ ಆಕೆಯ ಬಳಿ ಸುಳಿಯುವಂತಿಲ್ಲ. ಹುಟ್ಟಿದ ದಿನವೇ ಬಿಡುಗಡೆ ಪಡೆದಿದ್ದ ತಾಯಿ ಸ್ಕ್ರಿಬೋನಿಯಾ, ಯಾರೂ ಕೇಳದೆ, ಮಗಳ ಸಂಗಡ ದ್ವೀಪಕ್ಕೆ ಹೊರಟಳು. ರೋಮಿನ ಜನರು ಆಕೆಯನ್ನು ಮರಳಿ ಕರೆಯಬೇಕೆಂದು ಬೇಡಿದಾಗ, ಬೆಂಕಿಯೂ ನೀರೂ ಬೆರೆತಾಗ ನೋಡೋಣವೆಂಬ ಉತ್ತರ ಬಂದಿತು. ಜನರು ಉರಿಯುವ ಪಂಜುಗಳನ್ನು ಟೈಬರ್ ನದಿಗೆ ಎಸೆದರೆಂದು ಡಿಯೋ ಬರೆದಿದ್ದಾನೆ. ಐದು ವರ್ಷಗಳ ಮೇಲೆ ಆಕೆಯನ್ನು ಇಟಲಿಯ ತುದಿಯ ರೀಜಿಯಮ್ ಪಟ್ಟಣಕ್ಕೆ ಸಾಗಿಸಿದರು. ರೋಮನ್ನು ಆಕೆ ಮತ್ತೆ ಕಾಣಲಿಲ್ಲ.

ಆಕೆಯ ಮಗಳೂ ಜೂಲಿಯಾ. ಕ್ರಿ. ಶ. 8ರಲ್ಲಿ ಆ ಮೊಮ್ಮಗಳಿಗೂ ಅದೇ ಬಗೆಯ ಆರೋಪ, ಅದೇ ಬಗೆಯ ದಂಡನೆ. ಬೇರೊಂದು ದ್ವೀಪದಲ್ಲಿ ಇಪ್ಪತ್ತು ವರ್ಷಗಳಿದ್ದು ಆಕೆ ಸತ್ತಳು. ಇಬ್ಬರು ಜೂಲಿಯಾರನ್ನೂ ತನ್ನ ಸಮಾಧಿಯಲ್ಲಿ ಸೇರಿಸಕೂಡದೆಂದು ಅಗಸ್ಟಸನು ಕಟ್ಟು ಮಾಡಿದನು. ಕ್ರಿ. ಶ. 14ರಲ್ಲಿ ಅವನು ತೀರಿಕೊಂಡ ಮೇಲೆ ಮರಣಶಾಸನವನ್ನು ಓದಿದರು. ಅದರಂತೆ ಅವನ ಪತ್ನಿ ಲಿವಿಯಾ ಅವನ ಕುಲಕ್ಕೆ ದತ್ತಳಾಗಿ 'ಜೂಲಿಯಾ ಅಗಸ್ಟಾ' ಎಂಬ ಹೆಸರನ್ನು ಹೊಂದಿದಳು. ಅದೇ ವರ್ಷ, ಅನ್ನವಸ್ತ್ರಗಳ ಭತ್ಯವನ್ನು ಟೈಬೀರಿಯಸನು ನಿಲ್ಲಿಸಿದುದರಿಂದ, ಹುಟ್ಟಿನಿಂದ ಜೂಲಿಯಾ ಆಗಿದ್ದವಳು ರೀಜಿಯಮಿನಲ್ಲಿ ಕೃಶಳಾಗಿ ಪ್ರಾಣಬಿಟ್ಟಳು. ಹೆಸರು ಕುಲದ್ದು; ಕುಲದ ಯಜಮಾನನು ಅದನ್ನು ಒಬ್ಬಳಿಗೆ ದಾನಮಾಡಬಲ್ಲನು, ಇನ್ನೊಬ್ಬಳಿಗೆ ಆ ಹೆಸರಿನವರ ಸಮಾಧಿಯಲ್ಲಿಯೂ ಎಡೆಯಿಲ್ಲದಂತೆ ಮಾಡಬಲ್ಲನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಷ್ಟರಲ್ಲಿಯೇ ಹೆಸರು ಯಜಮಾನನ ಹಿಡಿತವನ್ನು ತಪ್ಪಿಸಿಕೊಳ್ಳತೊಡಗಿದ್ದಿತು. ಸೀಸರನೂ ಅಗಸ್ಟಸನೂ ಪರದೇಶದವರಿಗೆ ಪೌರತ್ವವನ್ನು ಕೊಟ್ಟಾಗ ಆ ಹೊಸ ಪೌರರು ಜೂಲಿಯಸ್ ಎಂಬ ಕುಲನಾಮವನ್ನು ತಾಳಿದರು. ಬಿಡುಗಡೆ ಹೊಂದಿದ ಗುಲಾಮರೂ ಒಡೆಯನ ಕುಲನಾಮವನ್ನೇ ತಾಳುತ್ತಿದ್ದರು. ಹೀಗೆ ಗಾಲ್, ಸ್ಪೇನ್, ಆಫ್ರಿಕಾ, ಸಿರಿಯಾಗಳಲ್ಲಿ ಸಾವಿರಾರು ಜೂಲಿಯಾರು ಹುಟ್ಟಿದರು. ಸಂತ ಪೌಲನು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ ಕೊನೆಯಲ್ಲಿ ವಂದನೆಯನ್ನು ಹೇಳಿಕಳುಹಿಸಿದವರಲ್ಲಿ ಒಬ್ಬಳು ಜೂಲಿಯಾ. ಸಿರಿಯಾದ ಎಮೆಸಾ ನಗರದ ಪೂಜಾರಿಯ ಮಗಳಾದ ಜೂಲಿಯಾ ಡೊಮ್ನಾ ರೋಮಿನ ಸಾಮ್ರಾಜ್ಞಿಯಾದಳು. ವಿದ್ವಾಂಸರನ್ನು ಸುತ್ತ ಕೂಡಿಸಿಕೊಂಡಿದ್ದ ಆಕೆಯ ಅಪೇಕ್ಷೆಯಂತೆಯೇ ಫಿಲೋಸ್ಟ್ರೇಟಸನು ಅಪೊಲೋನಿಯಸನ ಚರಿತ್ರೆಯನ್ನು ಬರೆದನು. ಆ ಗ್ರಂಥದ ನಾಯಕನು ಭರತಖಂಡಕ್ಕೆ ಬಂದು ಬ್ರಾಹ್ಮಣರೊಡನೆ ಸಂಭಾಷಿಸಿದನೆಂದು ಹೇಳಿರುವುದರಿಂದ ನಮ್ಮವರಿಗೂ ಅದು ಅಪರಿಚಿತವಲ್ಲ.

ಕಟ್ಟಕಡೆಗೆ ಈ ಹೆಸರು ಗುಲಾಮ ಹೆಣ್ಣೊಬ್ಬಳಿಗೂ ಬಂದಿತು. ಕಾರ್ಸಿಕಾ ದ್ವೀಪದ ರಕ್ಷಕಳೆಂದು ಪೂಜೆಗೊಳ್ಳುವ ಸಂತ ಜೂಲಿಯಾ, ಐತಿಹ್ಯದಂತೆ, ಕಾರ್ಥೇಜಿನಿಂದ ಸೆರೆಸಿಕ್ಕಿ ಒಬ್ಬ ವರ್ತಕನಿಗೆ ಮಾರಲ್ಪಟ್ಟವಳು. ಆ ದ್ವೀಪದಲ್ಲಿ ಅನ್ಯದೇವತೆಗಳಿಗೆ ಬಲಿಯರ್ಪಿಸಲೊಪ್ಪದೆ ಶಿಲುಬೆಗೇರಿದವಳು. ಎಂಟನೆಯ ಶತಮಾನದಲ್ಲಿ ಲೊಂಬಾರ್ಡ್ ರಾಣಿ ಆನ್ಸಾ ಆಕೆಯ ಅಸ್ಥಿಗಳನ್ನು ಇಟಲಿಯ ಬ್ರೆಷಾ ನಗರದ ಸಂನ್ಯಾಸಿನಿಯರ ಮಠಕ್ಕೆ ತರಿಸಿದಳು. ಆ ಮಠವು ಇಂದು ಸಾಂತಾ ಜೂಲಿಯಾ ಎಂಬ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಯೂರೋಪಿನ ತಾಯಂದಿರು ತಮ್ಮ ಮಕ್ಕಳಿಗೆ ಈ ಹೆಸರನ್ನು ಕೊಟ್ಟಾಗ ಅವರ ಮನಸ್ಸಿನಲ್ಲಿದ್ದವಳು ಚಕ್ರವರ್ತಿಯ ಮಗಳಲ್ಲ, ಈ ದಾಸಿ.

ಇನ್ನು ಶಬ್ದದ ವಿಷಯ. ನಾವು ಈವರೆಗೆ ಇಂಗ್ಲಿಷಿನ ರೂಢಿಯನ್ನನುಸರಿಸಿ ಜೂಲಿಯಾ ಎಂದೆವು. ರೋಮನರು ಹಾಗೆ ಅನ್ನುತ್ತಿರಲಿಲ್ಲ. ಅವರ ಲಿಪಿಯಲ್ಲಿ ಜಕಾರದ ಅಕ್ಷರವೇ ಇರಲಿಲ್ಲ. ಅವರ ಬಾಯಲ್ಲಿ ಅದು ಯೂಲಿಯಾ. ಕನ್ನಡ ವ್ಯಾಕರಣವನ್ನು ಓದಿದವರಿಗೆ ಮುಂದಿನ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಾತ್ರೆಯು ಜಾತ್ರೆಯಾದಂತೆ, ಯೌವನವು ಜವ್ವನವಾದಂತೆ, ಯಮನು ಜವನಾದಂತೆ, ಯೋಗಿಯು ಜೋಗಿಯಾದಂತೆ, ಇಟಲಿಯವರ ಬಾಯಲ್ಲಿ ಯೂಲಿಯಾ ಜೂಲಿಯಾ ಆದಳು. ಕೇಶಿರಾಜನು ತದ್ಭವಗಳಲ್ಲಿ ತೋರಿಸಿಕೊಟ್ಟ ಯಕಾರ ಜಕಾರಗಳ ನಂಟು ಟೈಬರಿನ ತೀರದಲ್ಲಿಯೂ ನಡೆದಿದೆ. ಫ್ರೆಂಚರು ಆ ಜಕಾರವನ್ನು ಇನ್ನೂ ಮೃದುಮಾಡಿ, ನಮ್ಮ ಅಕ್ಷರಮಾಲೆಯಲ್ಲಿ ಸರಿಯಾದ ಚಿಹ್ನೆಯಿಲ್ಲದ ಧ್ವನಿಯಿಂದ, ಝುಲಿ ಎನ್ನುತ್ತಾರೆ. ಸ್ಪೇನಿನವರು ಗಂಟಲಿನಿಂದ ಹೂಲಿಯಾ ಎನ್ನುತ್ತಾರೆ. ಜರ್ಮನರು, ಪೋಲರು, ಹಂಗೇರಿಯವರು, ರಷ್ಯದವರು ಮಾತ್ರ ಇಂದಿಗೂ ಯೂಲಿಯಾ ಎಂದೇ ಅನ್ನುತ್ತಾರೆ. ರೋಮಿನ ಭಾಷೆಗೆ ಮಕ್ಕಳಾದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳು ಹಳೆಯ ಉಚ್ಚಾರಣೆಯನ್ನು ಕಳೆದುಕೊಂಡುವು. ಅನ್ಯರು ಅದನ್ನು ಉಳಿಸಿಕೊಂಡರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮನೆಯಲ್ಲಿ ದಿನವೂ ಬಳಸುವ ಪಾತ್ರೆ ಸವೆಯುತ್ತದೆ. ಎರವಲು ತಂದದ್ದನ್ನು ಜೋಪಾನವಾಗಿಡುತ್ತೇವೆ. ಇದ್ದಂತೆಯೇ ತಂದಿಟ್ಟುಕೊಂಡದ್ದು ತತ್ಸಮ. ಬಾಯಲ್ಲಿ ಸವೆದದ್ದು ತದ್ಭವ.

ಮೂಲ ಹೆಸರಿಗಿಂತ ಅದರಿಂದ ಹುಟ್ಟಿದ ಜೂಲಿಯಾನಾ ಎಂಬ ರೂಪವು ಮಧ್ಯಯುಗದಲ್ಲಿ ಹೆಚ್ಚು ದೂರ ಸಂಚರಿಸಿತು. ನಿಕೊಮೀಡಿಯಾದ ಸಂತ ಜೂಲಿಯಾನಾಳೇ ಇದಕ್ಕೆ ಮುಖ್ಯ ಕಾರಣ. ಆಕೆಯ ಕಥೆಯನ್ನು ಹಳೆಯ ಇಂಗ್ಲಿಷ್ ಕವಿ ಕಿನೆವುಲ್ಫನು ಕಾವ್ಯವಾಗಿ ಬರೆದಿದ್ದಾನೆ. ಸ್ಪೇನಿನ ಉತ್ತರಭಾಗದಲ್ಲಿ ಆಕೆಯ ಅಸ್ಥಿಗಳಿದ್ದ ಊರು, ಸಾಂಕ್ಟಾ ಯೂಲಿಯಾನಾ ಎಂಬುದು ಜನರ ಬಾಯಲ್ಲಿ ಸವೆದು, ಸಾಂಟಿಲ್ಯಾನಾ ಆಯಿತು. ಇಂಗ್ಲೆಂಡಿನಲ್ಲಿ ಜೂಲಿಯಾನಾ ಜಿಲಿಯನ್ ಆಗಿ, ಮತ್ತೂ ಕಿರಿದಾಗಿ ಜಿಲ್ ಆದಳು; ಮಕ್ಕಳ ಪದ್ಯದಲ್ಲಿ ಜ್ಯಾಕನೊಡನೆ ಗುಡ್ಡವನ್ನೇರುವ ಜಿಲ್ ಇವಳೇ. ಹದಿನೈದನೆಯ ಶತಮಾನದ ಹೊತ್ತಿಗೆ ಆ ಹೆಸರು ಇಂಗ್ಲೆಂಡಿನಲ್ಲಿ ಎಷ್ಟು ಸಾಮಾನ್ಯವಾಗಿದ್ದಿತೆಂದರೆ ಜಿಲ್ ಎಂದರೆ ಯಾವುದಾದರೂ ಒಂದು ಹುಡುಗಿ ಎಂದೇ ಅರ್ಥವಾಯಿತು. ವೀನಸಿನ ವಂಶವು ಇಲ್ಲಿಗೆ ಬಂದು ಮುಟ್ಟಿತು.

ರಷ್ಯದಲ್ಲಿ ಜೂಲಿಯಾನಾ ಉಲಿಯಾನಾ ಆದಳು. 1601ರಿಂದ 1603ರ ವರೆಗೆ ಅಲ್ಲಿ ಭೀಕರವಾದ ಕ್ಷಾಮ ತಲೆದೋರಿದಾಗ, ತನ್ನಲ್ಲಿದ್ದುದನ್ನೆಲ್ಲ ಮಾರಿ ಹಸಿದವರಿಗೆ ಅನ್ನವಿಕ್ಕಿದ ಉಲಿಯಾನಾ ಒಸೋರಿನಾ ಎಂಬ ಗೃಹಿಣಿ 1604ರಲ್ಲಿ ತೀರಿಕೊಂಡಳು. ಆಕೆಯ ಚರಿತ್ರೆಯನ್ನು ಆಕೆಯ ಮಗನೇ ಬರೆದನು. ಸಂನ್ಯಾಸಿನಿಯೂ ಅಲ್ಲದ, ರಾಣಿಯೂ ಅಲ್ಲದ ಒಬ್ಬ ಸಂಸಾರಸ್ಥ ಹೆಂಗಸಿನ ಜೀವನವು ಗ್ರಂಥಕ್ಕೆ ಯೋಗ್ಯವೆಂದು ತೋರಿಸಿದ ರಷ್ಯನ್ ಬರಹಗಳಲ್ಲಿ ಅದು ಬಹು ಮುಂಚಿನದು. ಇದೇ ಹೆಸರಿನ ಪುರುಷರೂಪವಾದ ಉಲಿಯಾನ್ ಎಂಬುದರಿಂದ ಉಲಿಯಾನೋವ್ ಎಂಬ ಮನೆತನದ ಹೆಸರು ಬಂದಿತು. ಲೆನಿನ್ನನ ನಿಜವಾದ ಮನೆತನದ ಹೆಸರು ಅದೇ. 1924ರಲ್ಲಿ ಅವನ ಜನ್ಮಸ್ಥಳವಾದ ಸಿಂಬಿರ್ಸ್ಕ್ ನಗರಕ್ಕೆ ಉಲಿಯಾನೋವ್‌ಸ್ಕ್ ಎಂದು ಹೆಸರಿಟ್ಟರು. ರಾಜತ್ವವನ್ನು ಕಿತ್ತೊಗೆದವನ ಊರು ಸೀಸರನ ಕುಲದ ಹೆಸರನ್ನು ಹೊತ್ತು ನಿಂತಿದೆ.

ನಮ್ಮ ದೇಶಕ್ಕೂ ಈ ಹೆಸರು ಬಂದಿದೆ. ಮೊಗಲ್ ಚಕ್ರವರ್ತಿ ಮೊದಲನೆಯ ಬಹಾದೂರ್ ಷಾನ ಆಸ್ಥಾನದಲ್ಲಿ ಜೂಲಿಯಾನಾ ಡಯಾಸ್ ದ ಕೋಸ್ಟಾ ಎಂಬ ಪೋರ್ಚುಗೀಸ್ ವಂಶದ ಮಹಿಳೆ ಬಹಳ ಪ್ರಭಾವಶಾಲಿನಿಯಾಗಿದ್ದಳು. ದೆಹಲಿಯ ಸರಾಯ್ ಜುಲೇನಾ ಎಂಬ ಸ್ಥಳ ಆಕೆಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿಯೂ ಜೂಲಿಯಾನಾ, ಜೂಲಿಯೆಟ್ ಎಂಬ ಹೆಸರುಗಳನ್ನು ಕೇಳುತ್ತೇವೆ.

ಜೂಲಿಯೆಟ್ ಎಂದೊಡನೆ ಷೇಕ್ಸ್‌ಪಿಯರನ ನಾಟಕವು ನೆನಪಿಗೆ ಬಾರದಿರದು. ಇಟಲಿಯ ಲುಯಿಜಿ ದ ಪೋರ್ಟೋ ಬರೆದ ಕಥೆಯಲ್ಲಿ ಆಕೆ ಜೂಲಿಯೆತ್ತಾ, ಎಂದರೆ ಪುಟ್ಟ ಜೂಲಿಯಾ. ಷೇಕ್ಸ್‌ಪಿಯರನು ಆಕೆಯ ಹುಟ್ಟಿದ ದಿನವನ್ನು ಜುಲೈ ತಿಂಗಳ ಕೊನೆಯ ದಿನಕ್ಕೆ ಇಟ್ಟಿದ್ದಾನೆ. ಆ ತಿಂಗಳಿಗೆ ಕ್ರಿ. ಪೂ. 44ರಲ್ಲಿ ಸೀಸರನ ಕುಲನಾಮವನ್ನೇ ಇಟ್ಟಿದ್ದರೆಂಬುದನ್ನು ನೆನೆದರೆ ಇದು ಉಚಿತವಾಗಿ ಕಾಣುತ್ತದೆ. ಆದರೆ ನಮಗೆ ಮುಖ್ಯವಾದುದು ಬೇರೆ. ಈ ಹುಡುಗಿ ತನ್ನ ಪ್ರಿಯನ ಕುಲದ ಹೆಸರನ್ನು ವಿಚಾರಣೆಗೆ ಎಳೆಯುತ್ತಾಳೆ. ಕುಲದ ಹೆಸರು ಮನುಷ್ಯನ ಅಂಗವಲ್ಲವೆನ್ನುತ್ತಾಳೆ. ಕುಲದ ಹೆಸರಲ್ಲದೆ ಬೇರೊಂದು ಹೆಸರೇ ಇಲ್ಲದ ಹೆಂಗಸರ ಸಂತತಿಯ ಹೆಸರನ್ನು ಹೊತ್ತವಳು ಈ ಮಾತನ್ನಾಡುವುದು ಅರ್ಥವತ್ತಾಗಿದೆ. 1761ರಲ್ಲಿ ರೂಸೋ ಪ್ರಕಟಿಸಿದ 'ಜೂಲಿ' ಎಂಬ ಕಾದಂಬರಿಯ ನಾಯಿಕೆಯೂ ತಂದೆಯ ಕುಲಾಭಿಮಾನಕ್ಕೂ ತನ್ನ ಹೃದಯಕ್ಕೂ ನಡುವೆ ಸಿಕ್ಕಿಕೊಂಡವಳೇ. ಆ ಪುಸ್ತಕವನ್ನೋದಿ ಯೂರೋಪೆಲ್ಲ ಕಣ್ಣೀರು ಸುರಿಸಿತು.

ಇಂದು ರೋಮಿನಲ್ಲಾಗಲಿ ಪ್ಯಾರಿಸಿನಲ್ಲಾಗಲಿ ಮಾಸ್ಕೋವಿನಲ್ಲಾಗಲಿ ಮಗಳಿಗೆ ಈ ಹೆಸರನ್ನಿಡುವ ತಾಯಿಗೆ ಯೂಲಸನೂ ಗೊತ್ತಿಲ್ಲ, ವೀನಸಿನ ವಂಶಾವಳಿಯೂ ಬೇಕಿಲ್ಲ. ಕಿವಿಗೆ ಇಂಪೆಂದೋ, ಅಜ್ಜಿಯ ಹೆಸರೆಂದೋ ಆಕೆ ಆರಿಸುತ್ತಾಳೆ. ಆ ಆರಿಸುವ ಕೆಲಸವೇ ರೋಮಿನ ತಾಯಿಗೆ ಇರಲಿಲ್ಲ. ಕುಲವು ಅಳಿಯಿತು, ಶಾಸನವು ಅಳಿಯಿತು, ಇಬ್ಬರು ಜೂಲಿಯಾರಿಗೆ ಬಾಗಿಲು ಮುಚ್ಚಿದ ಸಮಾಧಿಯೂ ಬರಿದಾಯಿತು. ಹೊರಗೆ ನಿಂತಿದ್ದ ಹೆಣ್ಣಿನ ಹೆಸರು ಮಾತ್ರ ಉಳಿಯಿತು. ಉಳಿದು, ಕುಲದ ಸೊತ್ತಾಗಿದ್ದುದು ಒಬ್ಬೊಬ್ಬ ಹುಡುಗಿಯ ಸ್ವಂತವಾಯಿತು.

ರೋಮನರನ್ನು ನೋಡಿ ನಗುವ ಅಧಿಕಾರ ನಮಗೆ ಎಷ್ಟು ಮಟ್ಟಿಗೆ ಇದೆಯೋ ಯೋಚಿಸಬೇಕು. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ, ಕೇಕಯರ ಮಗಳು ಕೈಕೇಯಿ ಎಂದು ಕರೆದವರು ನಾವೂ ಹೌದು. ದ್ರೌಪದಿಗೆ ಕೃಷ್ಣೆಯೆಂಬ ಸ್ವಂತದ ಹೆಸರೂ ಇದ್ದಿತೆಂಬುದು ಎಷ್ಟು ಜನರ ನೆನಪಿನಲ್ಲಿದೆ? ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಮಾತ್ರ ಅಕ್ಕಪಕ್ಕದವರಿಗೆ ಗೊತ್ತಿದ್ದು, ತೀರಿಕೊಂಡ ಹತ್ತನೆಯ ದಿನದ ಕಾಗದ ಅಚ್ಚಾದಾಗ ನಿಜವಾದ ಹೆಸರು ಬೀದಿಯವರಿಗೆ ತಿಳಿದ ಹೆಂಗಸರನ್ನು ನಾವೇ ಕಂಡಿದ್ದೇವೆ.

ಆದುದರಿಂದ ಮೂವರು ಸರಸ್ವತಿಯರು ಒಟ್ಟಿಗೆ ಎದ್ದು ನಿಂತಾಗ ಒಂದನೆಯವಳು, ಎರಡನೆಯವಳು, ಮೂರನೆಯವಳು ಎಂದು ಕರೆದುಬಿಡುವ ಸುಲಭೋಪಾಯವನ್ನು ನಾವು ಕೈಬಿಟ್ಟಿದ್ದೇವೆ. ಸ್ವಲ್ಪ ಹೊತ್ತು ಹೆಚ್ಚು ಹಿಡಿದರೂ ಚಿಂತೆಯಿಲ್ಲ. ನಿನ್ನನ್ನು ಮನೆಯಲ್ಲಿ ಏನೆಂದು ಕರೆಯುತ್ತಾರಮ್ಮ ಎಂದು ಒಬ್ಬೊಬ್ಬಳನ್ನೂ ಕೇಳಿ ಬರೆದುಕೊಳ್ಳುತ್ತೇವೆ.